ವಿಲ್ಲಾದೊಳಗಿನ ಎರಡನೇ ವಿಳಾಸ

ಅರಬ್ ದೇಶದ ಈ ಊರಿನ ಓಲ್ಡ್ ಏರ್‌ಪೋರ್ಟ್ ಕಡೆ ನಾವಿದ್ದ ವಿಲ್ಲಾದಲ್ಲಿ ನಾಲ್ಕು ಸಂಸಾರಗಳಿದ್ದವು, ಇಂಟರ್ನೆಟ್ ಮಾತ್ರ ಒಂದೇ. ಇಡೀ ಮನೆಯನ್ನು ಅರಬ್ ಮಾಲೀಕನಿಂದ ಬಾಡಿಗೆಗೆ ಹಿಡಿದು ನಮಗೆಲ್ಲ ಭಾಗ ಮಾಡಿ ಕೊಟ್ಟವರು ಬೆಂಗಳೂರಿನ ಒಬ್ಬ ಫೈನಾನ್ಸ್ ಮ್ಯಾನೇಜರ್. ಅವರನ್ನು ಎಲ್ಲರೂ ಸರ್ ಎನ್ನುತ್ತಿದ್ದೆವು, ಅವರ ಹೆಂಡತಿಯನ್ನು ಆಂಟಿ. ಕೆಳಗೆ ಅವರು ಮತ್ತು ಪ್ರವೇಶ ಪರೀಕ್ಷೆಗೆ ಓದುತ್ತಿದ್ದ ಅವರ ಮಗಳು. ಮೇಲೆ ಒಂದು ಕಡೆ ಮೈಸೂರಿನವರಾದ ನಾನು ಮತ್ತು ನನ್ನ ಗಂಡ. ಇನ್ನೊಂದು ಕಡೆ ಒಂದು ಮಲಯಾಳಿ ದಂಪತಿ. ಹಿಂದುಗಡೆ ಕಾಂಪೌಂಡಿಗೆ ಅಂಟಿಕೊಂಡು ಒಂದು ಔಟ್‌ಹೌಸ್ ಇತ್ತು. ಯಾವ ಕಾಲದಲ್ಲೋ ಡ್ರೈವರನಿಗೆಂದು ಕಟ್ಟಿಸಿದ್ದು. ಒಂದು ಕೋಣೆ, ಅಡುಗೆಗೆ ಒಂದು ಮೂಲೆ, ಒಂದು ಬಚ್ಚಲು.

ಇಂಟರ್ನೆಟ್ ಲೈನ್ ಸರ್ ಹೆಸರಿನಲ್ಲಿತ್ತು. ರೂಟರ್ ಅವರ ಹಾಲಿನಲ್ಲಿ ಟೀವಿ ಪಕ್ಕ ಕೂತಿರುತ್ತಿತ್ತು. ಅಲ್ಲಿಂದ ಒಂದು ವೈರು ಮೆಟ್ಟಿಲ ಗೋಡೆ ಹತ್ತಿ ನಮ್ಮ ಮಹಡಿಗೆ ಬರುತ್ತಿತ್ತು. ಔಟ್‌ಹೌಸಿಗೆ ಕಿಟಕಿಯಿಂದ ಹೋದಷ್ಟು ಸಿಗ್ನಲ್. ಖರ್ಚು ಎಲ್ಲರೂ ಹಂಚಿಕೊಳ್ಳುತ್ತಿದ್ದೆವು, ಪಾಸ್‌ವರ್ಡ್ ಮಾತ್ರ ಸರ್ ಇಟ್ಟದ್ದು. ಗೇಟಿನ ಬೀಗ, ನೀರಿನ ಟ್ಯಾಂಕು, ಇಂಟರ್ನೆಟ್ಟು ಈ ಮೂರೂ ಅವರ ಇಲಾಖೆ. ನಮ್ಮದು ದೂರು ಹೇಳುವ ಇಲಾಖೆ.

ಆ ವರ್ಷ ಬೇಸಿಗೆ ರಜೆ ಮುಗಿದು, ಊರಿಗೆ ಹೋದವರೆಲ್ಲ ವಾಪಸಾಗುವ ಹೊತ್ತಿಗೆ ಔಟ್‌ಹೌಸಿಗೆ ಹೊಸಬರು ಬಂದರು. ಪುತ್ತೂರು ಕಡೆಯ ಬ್ಯಾರಿ ಸಂಸಾರ. ಗಂಡ ಅಲ್ ಮುಂತಜಾ ಬಡಾವಣೆಯ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ವರ್ಷಗಟ್ಟಲೆ ಬ್ಯಾಚುಲರ್ ರೂಮಿನಲ್ಲಿ ಕಾಲ ಕಳೆದು ಕೊನೆಗೂ ಹೆಂಡತಿಗೆ ವೀಸಾ ಮಾಡಿಸಿದ್ದ. ಅವಳಿಗೆ ಇಪ್ಪತ್ತೈದರ ಆಸುಪಾಸು, ಜೊತೆಗೆ ನಾಲ್ಕು ವರ್ಷದ ಮಗಳು. ಆ ಮಗು ಅಪ್ಪನನ್ನು ಅಲ್ಲಿಯವರೆಗೆ ನೋಡಿದ್ದು ಹೆಚ್ಚಾಗಿ ಫೋನಿನಲ್ಲೇ. ಬಂದ ಹೊಸದರಲ್ಲಿ ಅವನು ಕೆಲಸ ಮುಗಿಸಿ ಬಾಗಿಲು ತಟ್ಟಿದರೆ ಅಮ್ಮನ ಹಿಂದೆ ಅಡಗುತ್ತಿತ್ತಂತೆ. ಹಿತ್ತಲಿನಲ್ಲಿ ಬಟ್ಟೆ ಒಣಹಾಕುವಾಗ ಅವಳೇ ಇದನ್ನು ನನಗೆ ನಗುತ್ತ ಹೇಳಿದಳು. "ಈಗ ಪರವಾಗಿಲ್ಲ ಅಕ್ಕ. ಈಗ ಅವರ ಹೆಗಲಿಂದ ಇಳಿಯುವುದೇ ಇಲ್ಲ."

ಅದೇ ವಾರದಿಂದ ಇಂಟರ್ನೆಟ್ ಕೈಕೊಡತೊಡಗಿತು. ಪೂರ್ತಿ ಹೋದರೆ ಕಂಪನಿಗೆ ಫೋನು ಮಾಡಬಹುದು, ಇದು ಹಾಗಲ್ಲ. ಫೋನಿನಲ್ಲಿ ಸಿಗ್ನಲ್ಲಿನ ಗೀಟುಗಳೆಲ್ಲ ತುಂಬಿಕೊಂಡಿರುತ್ತಿದ್ದವು, ಒಂದು ಪುಟವೂ ತೆರೆಯುತ್ತಿರಲಿಲ್ಲ. ವೈಫೈ ಆರಿಸಿ ಮತ್ತೆ ಹಾಕಿದರೆ ಒಮ್ಮೊಮ್ಮೆ ಬರುತ್ತಿತ್ತು, ಒಮ್ಮೊಮ್ಮೆ ಇಲ್ಲ. ನನ್ನ ಗಂಡನ ಫೋನಿನಲ್ಲಿ ಕ್ರಿಕೆಟ್ ಓಡುತ್ತಿರುವಾಗ ಅದೇ ಸೋಫಾದ ಮೇಲಿದ್ದ ನನ್ನ ಫೋನು ಸತ್ತು ಬಿದ್ದಿರುತ್ತಿತ್ತು. ಸರ್ ಮಗಳ ಆನ್‌ಲೈನ್ ಟ್ಯೂಷನ್ ಒಮ್ಮೆ ಕಡಿದರೆ ಮತ್ತೆ ಕೂಡಿಕೊಳ್ಳುತ್ತಿರಲಿಲ್ಲ. ಕಂಪನಿಯವನು ಬಂದು ಹಾಲಿನಲ್ಲಿದ್ದ ರೂಟರ್ ನೋಡಿ, ತನ್ನ ಲ್ಯಾಪ್‌ಟಾಪಿಗೆ ವೈರು ಚುಚ್ಚಿ, "ಲೈನ್ ಮಾಫಿ ಮುಷ್ಕಿಲ್" ಎಂದು ಹೇಳಿ ಹೋದ. ಲೈನಿನಲ್ಲಿ ತೊಂದರೆ ಇಲ್ಲ ಎಂದಮೇಲೆ ಅದು ಮನುಷ್ಯರಲ್ಲಿ ಇರಬೇಕು ಎಂದು ಸರ್ ತೀರ್ಮಾನಿಸಿದರು.

"ಅವ್ರು ಬಂದ್ಮೇಲೆ ತಾನೇ ಶುರುವಾಗಿದ್ದು?" ಎಂದರು ಒಂದು ಸಂಜೆ, ಕಾರಿನಿಂದ ಇಳಿಯುತ್ತಿದ್ದ ನನ್ನ ಗಂಡನನ್ನು ಗೇಟಿನಲ್ಲೇ ಹಿಡಿದು. "ಮೊಬೈಲ್ ಅಂಗಡಿಯವನು. ಅಂಗಡಿ ಹುಡುಗ್ರಿಗೆಲ್ಲ ಪಾಸ್‌ವರ್ಡ್ ಹಂಚಿರ್ತಾನೆ. ಇಲ್ಲಾಂದ್ರೆ ಹಗಲೂ ರಾತ್ರಿ ಸಿನಿಮಾ ಇಳಿಸ್ತಿರ್ತಾನೆ."

"ಇರಬಹುದು ಸರ್" ಎಂದರು ನನ್ನ ಗಂಡ. ಅವರು ಯಾವುದಕ್ಕೂ ಇರಬಹುದು ಎನ್ನುವ ಪೈಕಿ. ಮದುವೆಗೆ ಮುಂಚೆ ನನ್ನನ್ನು ನೋಡಿಕೊಂಡು ಹೋದಮೇಲೂ ಮನೆಯವರಿಗೆ ಹಾಗೇ ಹೇಳಿರಬೇಕು.

ಸರ್ ಪಾಸ್‌ವರ್ಡ್ ಬದಲಾಯಿಸಿದರು. ನಮಗೆ ಹೊಸದನ್ನು ಕೊಟ್ಟರು, ಔಟ್‌ಹೌಸಿಗೆ ಕೊಡಲಿಲ್ಲ. ತೊಂದರೆ ಇದ್ದ ಹಾಗೇ ಇತ್ತು. ಬೇರೆ ಯಾರಾದರೂ ಆಗಿದ್ದರೆ ತಮ್ಮ ಅನುಮಾನ ತಪ್ಪಿರಬಹುದು ಎಂದುಕೊಳ್ಳುತ್ತಿದ್ದರು. ಸರ್‌ಗೆ ಅದು ಇನ್ನೊಂದು ಸಾಕ್ಷಿಯಾಯಿತು. "ಪಾಸ್‌ವರ್ಡ್ ಒಡೆಯೋದು ಅವನಿಗೇನ್ ಮಹಾ ಕಷ್ಟ? ಅದೇ ಕಸುಬಲ್ವಾ? ಖಲಾಸ್, ತಿಂಗಳ ಕೊನೇಗೆ ಖಾಲಿ ಮಾಡ್ಲಿ." ಔಟ್‌ಹೌಸಿಗೆ ಬಂದವನು ಬೆಂಗಳೂರಿನ ಯಾವುದೋ ಬ್ಯಾಂಕ್ ಆಫೀಸರನಾಗಿದ್ದರೆ ಇದೇ ಮಾತು ಬರುತ್ತಿತ್ತೇ ಎಂದು ಯಾರೂ ಕೇಳಲಿಲ್ಲ. ಉತ್ತರ ಎಲ್ಲರಿಗೂ ಗೊತ್ತಿತ್ತು.

ಆದರೆ ಈ ಯಾವ ಮಾತನ್ನೂ ಸರ್ ಅವನ ಮುಖಕ್ಕೆ ಹೇಳಲಿಲ್ಲ. ಊರಿಂದ ನಮ್ಮ ನೆಂಟರು ಬರುತ್ತಾರೆ, ಔಟ್‌ಹೌಸ್ ಬೇಕಾಗುತ್ತದೆ ಎಂದು ಹಿಂದಿಯಲ್ಲಿ ಹೇಳಿ ಕಳಿಸಿದರು. ಆ ಗಂಡಹೆಂಡತಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಆದರೂ ಸರ್ ಅವರೊಡನೆ ಮೊದಲಿನಿಂದ ಹಿಂದಿಯನ್ನೇ ಆಡುತ್ತಿದ್ದರು.

ವಿಷಯ ನನಗೆ ಅವಳ ಬಾಯಿಂದ ಬಂದದ್ದು ಬಟ್ಟೆ ಒಣಹಾಕುವಾಗಲೇ. "ಬಿನ್ ಮಹಮೂದ್ ಕಡೆಯೆಲ್ಲ ಇವರು ಮನೆ ನೋಡಿ ಬಂದ್ರು ಅಕ್ಕ. ನಮಗೆ ಆಗುವಂಥದ್ದು ಯಾವುದೂ ಇಲ್ಲ. ಸಿಗದಿದ್ದರೆ ನಮ್ಮನ್ನು ಊರಿಗೆ ಕಳಿಸ್ತಾರಂತೆ. ಮತ್ತೆ ಯಾವಾಗ ಕರೆಸ್ಲಿಕ್ಕೆ ಆಗ್ತದೋ ಗೊತ್ತಿಲ್ಲ." ಅಳಲಿಲ್ಲ. ಗಂಡನ ಅಂಗಿಗೆ ಕ್ಲಿಪ್ಪು ಹಾಕುತ್ತ ಹೇಳಿದಳು. ಇನ್ನೊಂದು ಅಂಗಿ ಎತ್ತಿಕೊಂಡು, "ಅವರ ನೆಂಟರು ತುಂಬ ದಿನ ಇರ್ತಾರಾ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ.

ಮೆಟ್ಟಿಲು ಹತ್ತಿ ಮನೆಗೆ ಬರುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು. ನಾನು ಸುಲಭಕ್ಕೆ ಮರುಗುವವಳಲ್ಲ. ಈ ಊರಿನಲ್ಲಿ ದಿನಾ ಯಾರೋ ಬರುತ್ತಾರೆ, ಯಾರೋ ಹೋಗುತ್ತಾರೆ; ಎಲ್ಲದಕ್ಕೂ ಮರುಗುತ್ತ ಕೂತರೆ ಕೆಲಸಕ್ಕೆ ಹೋಗುವುದು ಯಾರು? ಆದರೆ ಪರೀಕ್ಷೆ ಮಾಡದೆ ಕೊಟ್ಟ ತೀರ್ಪನ್ನು ಕಂಡರೆ ನನಗಾಗುವುದಿಲ್ಲ. ಒಂದು ಕಟ್ಟಡದ ಕಂಪನಿಯಲ್ಲಿ ನನ್ನದು ಡ್ರಾಯಿಂಗ್‌ಗಳಿಗೆ ನಂಬರ್ ಕೊಟ್ಟು, ಹಳೆಯದು ಯಾವುದು, ಹೊಸದು ಯಾವುದು ಎಂದು ನೋಡಿಕೊಳ್ಳುವ ಕೆಲಸ. ಇಂಜಿನಿಯರುಗಳು ಇದನ್ನು ಕೆಲಸವೆಂದೇ ಎಣಿಸುವುದಿಲ್ಲ, ಹಳೆಯ ಡ್ರಾಯಿಂಗ್ ನೋಡಿ ಗೋಡೆ ಎಬ್ಬಿಸಿ ಒಡೆಸುವವರೆಗೆ.

ಆಫೀಸಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಫಿಲಿಪಿನೊ ಸಹೋದ್ಯೋಗಿಯನ್ನು ಕೇಳಿದೆ. ಮೊದಲು ನಿಮ್ಮ ರೂಟರಿನ ಐಪಿ ವಿಳಾಸ ಯಾವುದು ನೋಡಿ, ಅದು ಗೊತ್ತಾದರೆ ಅದರ ಒಳಗೇ ಹೋಗಿ ನೋಡಬಹುದು ಎಂದ. ನೋಡುವುದೂ ಕಷ್ಟವಿಲ್ಲವಂತೆ. ಫೋನಿನ ಸೆಟ್ಟಿಂಗ್‌ನಲ್ಲಿ ನಿಮ್ಮ ವೈಫೈ ಹೆಸರಿನ ಪಕ್ಕ ಇರುವ ಗುರುತನ್ನು ಒತ್ತಬೇಕು. ಕೆಳಗೆ ರೂಟರ್ ಎಂದೋ ಗೇಟ್‌ವೇ ಎಂದೋ ಒಂದು ಸಾಲಿರುತ್ತದೆ, ಅದರ ಮುಂದೆ ನಡುವೆ ಚುಕ್ಕಿ ಇಟ್ಟು ಬರೆದ ನಾಲ್ಕು ಸಂಖ್ಯೆ. ಅದೇ ವಿಳಾಸ.

ಆ ಸಂಜೆ ಇಂಟರ್ನೆಟ್ ಚೆನ್ನಾಗಿತ್ತು. ಕಾಫಿ ಕುಡಿಯುತ್ತ ನೋಡಿದೆ: 192.168.100.1. ಅದನ್ನು ಬ್ರೌಸರಿನಲ್ಲಿ ಬರೆದಾಗ ಇಲ್ಲಿಯ ಇಂಟರ್ನೆಟ್ ಕಂಪನಿಯ ಪುಟ ತೆರೆದುಕೊಂಡು ಹೆಸರು, ಪಾಸ್‌ವರ್ಡ್ ಕೇಳಿತು. ನನ್ನ ಹತ್ತಿರ ಅದೆಲ್ಲಿಂದ ಬರಬೇಕು? ಪುಟ ಮುಚ್ಚಿದೆ. ಮಾರನೇ ದಿನ ಫೋನು ಮತ್ತೆ ಸತ್ತಿತು. ಏನೂ ಯೋಚಿಸದೆ ಅದೇ ಜಾಗ ಒತ್ತಿ ನೋಡಿದೆ. ವೈಫೈ ಹೆಸರು ಅದೇ. ಕೆಳಗಿನ ವಿಳಾಸ ಮಾತ್ರ 192.168.1.1.

ಒಂದೇ ಹೆಸರಿಗೆ ಎರಡು ನಂಬರು. ನಮ್ಮ ಆಫೀಸಿನಲ್ಲಾದರೆ ಇದಕ್ಕಿಂತ ದೊಡ್ಡ ಅನಾಹುತವಿಲ್ಲ. ಹೊಸ ನಂಬರನ್ನು ಬರೆದು ಒತ್ತಿದೆ. ಇಂಟರ್ನೆಟ್ಟೇ ಇಲ್ಲದ ಫೋನಿನಲ್ಲಿ ಒಂದು ಪುಟ ತೆರೆದುಕೊಂಡಿತು. ಮೇಲೆ ಬೆಂಗಳೂರಿನ ಯಾವುದೋ ಬಡಾವಣೆಯ ಕೇಬಲ್ ಕಂಪನಿಯ ಹೆಸರು. ಕೆಳಗೆ ಸಹಾಯ ಬೇಕಾದರೆ ಕರೆ ಮಾಡಿ ಎಂದು ಒಂದು ನಂಬರು, ಸೊನ್ನೆ ಎಂಟು ಸೊನ್ನೆಯಿಂದ ಶುರುವಾಗುವಂಥದ್ದು. ಅದು ಬೆಂಗಳೂರಿನ ಕೋಡು. ಆ ವಿಲ್ಲಾದಲ್ಲಿ ಬೆಂಗಳೂರಿನವರು ಒಬ್ಬರೇ ಇದ್ದರು.

ಸಹೋದ್ಯೋಗಿಗೆ ಹೇಳಿದಾಗ ಅವನಿಗೆ ತಕ್ಷಣ ಅರ್ಥವಾಯಿತು. ಎಲ್ಲೋ ಎರಡನೇ ರೂಟರನ್ನು ತಂದು ಮೊದಲನೆಯದಕ್ಕೆ ತಪ್ಪು ತೂತಿನಲ್ಲಿ ಸಿಕ್ಕಿಸಿದ್ದಾರೆ. ಮನೆಯ ಫೋನುಗಳು ವೈಫೈಗೆ ಸೇರುವಾಗ ಎರಡೂ ಉತ್ತರ ಕೊಡುತ್ತವೆ. ಯಾವುದು ಮೊದಲು ಉತ್ತರಿಸಿತೋ ಫೋನು ಅದರ ಹಿಂದೆ ಹೋಗುತ್ತದೆ. ಬಾಗಿಲು ತಟ್ಟಿದರೆ ಇಬ್ಬರು ಓಡಿಬಂದ ಹಾಗೆ. ಒಬ್ಬ ಹೊರಗಿನ ದಾರಿ ಬಲ್ಲವನು, ಇನ್ನೊಬ್ಬನಿಗೆ ದಾರಿಯೇ ಇಲ್ಲ. ಮೊಬೈಲ್ ಅಂಗಡಿಯವನಿಗೂ ಸಿನಿಮಾಕ್ಕೂ ಇದರಲ್ಲಿ ಯಾವ ಪಾತ್ರವೂ ಇರಲಿಲ್ಲ.

ಸರ್ ಸಮುದ್ರದಂಡೆಯ ಕಾರ್ನಿಶ್ ಕಡೆ ವಾಕಿಂಗ್ ಹೋದ ಹೊತ್ತು ನೋಡಿ ಕೆಳಗಿಳಿದೆ. ಆಂಟಿ ಕೊತ್ತಂಬರಿ ಸೊಪ್ಪು ಬಿಡಿಸುತ್ತ ಕೂತಿದ್ದರು.

"ಆಂಟಿ, ಈ ಸಲ ಊರಿಂದ ಬರ್ತಾ ರೂಟರ್ ಏನಾದ್ರೂ ತಂದ್ರಾ?"

"ಹೂಂ, ತಂದ್ವಲ್ಲ. ಅಲ್ಲಿ ಫ್ಲ್ಯಾಟಿಗೆ ಬೀಗ ಹಾಕಿರ್ತೀವಿ, ಸುಮ್ನೆ ಧೂಳು ತಿಂತಾ ಕೂತಿತ್ತು. ಒಳ್ಳೇ ಸಾಮಾನು. ಮಗಳು ಬೇರೆ ತನ್ನ ರೂಮಲ್ಲಿ ಸಿಗ್ನಲ್ ಬರಲ್ಲ ಅಂತ ದಿನಾ ಗೋಳಾಡ್ತಿದ್ಲು."

ಇದರಲ್ಲಿ ನನಗೆ ಆಶ್ಚರ್ಯವಿರಲಿಲ್ಲ. ಇಲ್ಲಿರುವ ನಾವು ಊರಿಂದ ಬರುವಾಗ ತರದ ವಸ್ತುವಿಲ್ಲ. ಇಲ್ಲಿಯ ಅಂಗಡಿಯಲ್ಲಿ ಎಲ್ಲವೂ ಸಿಗುತ್ತದೆಂದು ಗೊತ್ತಿದ್ದೂ ಕುಕ್ಕರಿನ ಗ್ಯಾಸ್ಕೆಟ್ಟು, ಮಿಕ್ಸಿ ಜಾರು, ಪೊರಕೆ ಕೂಡ ಸೂಟ್‌ಕೇಸಿಗೆ ತುಂಬುತ್ತೇವೆ. ತೂಕದಲ್ಲಿ ಒಂದಿಷ್ಟು ಜಾಗ ಉಳಿದರೆ ಟಿಕೆಟ್ಟೇ ದಂಡವಾದಂತೆ ನಮಗೆ. ಆಂಟಿ ಆ ರೂಟರನ್ನು ಹುಳಿಪುಡಿ, ಚಟ್ನಿಪುಡಿಗಳ ನಡುವೆ ಸೀರೆಯಲ್ಲಿ ಸುತ್ತಿ ತಂದಿದ್ದರು. ಹಾಲಿನಿಂದ ಮಗಳ ಕೋಣೆಗೆ ಸರ್ ಉದ್ದದ ವೈರು ಎಳೆದು ಸಿಕ್ಕಿಸಿದ್ದರು. ಹೊಸ ಹೆಸರು ಯಾಕೆಂದು ಮಗಳು ವಿಲ್ಲಾದ ವೈಫೈ ಹೆಸರನ್ನೂ ಪಾಸ್‌ವರ್ಡನ್ನೂ ಅದಕ್ಕೂ ಇಟ್ಟಿದ್ದಳು. ಗೀಟುಗಳು ತುಂಬಿಕೊಂಡದ್ದು ನೋಡಿ ಎಲ್ಲರಿಗೂ ಸಂತೋಷವಾಗಿತ್ತು.

ನಾನು ಕಂಡದ್ದನ್ನು ಹೇಳಿದೆ. ಎರಡು ನಂಬರನ್ನೂ ತೋರಿಸಿದೆ. ಆಂಟಿ ತಾಂತ್ರಿಕ ಮಾತುಗಳನ್ನು ಕೇಳಿಸಿಕೊಳ್ಳಲಿಲ್ಲ, ಕೇಳಬೇಕಾದದ್ದನ್ನು ಕೇಳಿಸಿಕೊಂಡರು. ಎದ್ದು ಮಗಳ ಕೋಣೆಗೆ ಹೋಗಿ ಪ್ಲಗ್ಗು ಕಿತ್ತು ಬಂದರು.

"ಅವ್ರಿಗೆ ಹೇಳ್ಬೇಡಮ್ಮ" ಎಂದರು. "ನಾಲ್ಕು ಜನರ ಹತ್ರ ಮಾತಾಡಿಬಿಟ್ಟಿದ್ದಾರೆ. ಈಗ ತಪ್ಪು ನಮ್ದೇ ಅಂದ್ರೆ ಮುಖ ಎಲ್ಲಿಟ್ಕೋತಾರೆ? ಇಂಟರ್ನೆಟ್ ಸರಿಹೋದ್ರೆ ಅವ್ರೇ ಸುಮ್ನಾಗ್ತಾರೆ ಬಿಡು."

ಒಪ್ಪಿಕೊಂಡೆ. ಕೆಲಸ ಆಗುವುದಾದರೆ ಗದ್ದಲ ಯಾಕೆ ಎನಿಸಿತು.

ಇಂಟರ್ನೆಟ್ ಸರಿಹೋಯಿತು. ಆದರೆ ಸರ್ ಸುಮ್ಮನಾಗಲಿಲ್ಲ. ಆ ವಾರದ ಕೊನೆಗೆ ಮತ್ತೆ ನನ್ನ ಗಂಡನನ್ನು ಗೇಟಿನಲ್ಲಿ ಹಿಡಿದರು. "ನೋಡಿದ್ರಾ? ಖಾಲಿ ಮಾಡಿ ಅಂದಿದ್ದೇ ತಡ, ಎಲ್ಲಾ ನೆಟ್ಟಗಾಯ್ತು. ಹೆದರಿಕೊಂಡು ನಿಲ್ಲಿಸಿದಾನೆ. ನಾನು ಹೇಳ್ಲಿಲ್ವಾ?" ನನ್ನ ಗಂಡ ಇರಬಹುದು ಎಂದರು. ಮೇಲೆ ಬಂದು ನನಗೂ ಹಾಗೇ ವರದಿ ಒಪ್ಪಿಸಿದರು. ನಾವು ಗುಟ್ಟಾಗಿ ಮಾಡಿದ ಉಪಕಾರವೇ ಔಟ್‌ಹೌಸಿನವರ ಮೇಲಿನ ಕೊನೆಯ ಸಾಕ್ಷಿಯಾಗಿತ್ತು. ಅಷ್ಟರಲ್ಲಿ ಅವನು ಹೆಂಡತಿಗೂ ಮಗಳಿಗೂ ಟಿಕೆಟ್ ತೆಗೆದಾಗಿತ್ತು. ಔಟ್‌ಹೌಸಿನ ಬಾಗಿಲ ಹೊರಗೆ ಸೂಟ್‌ಕೇಸನ್ನು ಒರೆಸಿ ಬಿಸಿಲಿಗೆ ಬಾಯಿ ತೆರೆದು ಇಟ್ಟಿದ್ದರು.

ಇನ್ನು ನಾನು ಸುಮ್ಮನಿರುವುದಿಲ್ಲ ಎಂದು ಹೇಳಲು ಕೆಳಗೆ ಹೋದೆ. ಹೇಳುವ ಅಗತ್ಯವೇ ಬರಲಿಲ್ಲ. ಆಂಟಿಯ ಅಡುಗೆಮನೆಯ ಕಿಟಕಿ ಔಟ್‌ಹೌಸಿನ ಕಡೆಗೇ ಇತ್ತು. ಆ ಸೂಟ್‌ಕೇಸನ್ನು ಅವರು ಬೆಳಗಿನಿಂದ ನೋಡುತ್ತಿದ್ದರು.

"ನನ್ನನ್ನೂ ಇವ್ರು ಹಿಂದೆ ಹೀಗೇ ಊರಿಗೆ ಕಳಿಸಿದ್ರು" ಎಂದರು. "ಆಗಿನ ಮಾಲೀಕ ಬಾಡಿಗೆ ಏರಿಸಿದ, ಬೇರೆ ಮನೆ ಸಿಗ್ಲಿಲ್ಲ. ಸ್ವಲ್ಪ ದಿನ ಅಷ್ಟೇ ಅಂದಿದ್ರು. ಮಗಳು ಎಲ್‌ಕೆಜಿಯಿಂದ ಐದನೇ ಕ್ಲಾಸಿನವರೆಗೆ ಅಲ್ಲೇ ಓದಿದ್ಲು. ವಾಪಸ್ ಬಂದಾಗ ಅಪ್ಪನ ಜೊತೆ ಊಟಕ್ಕೆ ಕೂರೋಕೂ ಸಂಕೋಚ ಅವ್ಳಿಗೆ." ಕಿಟಕಿ ಬಿಟ್ಟು ನನ್ನ ಕಡೆ ತಿರುಗಿ, "ಶುಕ್ರವಾರ ಊಟ ಆದ್ಮೇಲೆ ಇವ್ರಿಗೆ ಕನ್ನಡ ಸಂಘದ ಮೀಟಿಂಗ್ ಇದೆ, ಕಂಪ್ಯೂಟರಲ್ಲಿ. ನೀನು ಬಾ. ಆ ಹುಡುಗೀನೂ ಕರೀತೀನಿ" ಎಂದರು.

ಶುಕ್ರವಾರ ನಾನು ಹೋದಾಗ ಔಟ್‌ಹೌಸಿನವಳು ಆಗಲೇ ಬಂದು ಸೋಫಾದ ತುದಿಯಲ್ಲಿ ಕೂತಿದ್ದಳು. ಮಗು ನೆಲದ ಮೇಲೆ ಚಿತ್ರಕ್ಕೆ ಬಣ್ಣ ಹಚ್ಚುತ್ತಿತ್ತು. ಆಂಟಿ ಶಾವಿಗೆ ಉಪ್ಪಿಟ್ಟು ಮಾಡಿದ್ದರು. ಊರಿಗೆ ಹೊರಟವರನ್ನು ಕರೆದು ತಿಂಡಿ ಕೊಡುವುದು ರೂಢಿ, ಅದಕ್ಕೇ ಕರೆದಿದ್ದಾರೆಂದು ಅವಳು ತಿಳಿದಿದ್ದಳು. ಸರ್ ಕೋಣೆಯಿಂದ ಹೊರಗೆ ಬಂದರು. ಮೇಲೆ ಇಸ್ತ್ರಿ ಮಾಡಿದ ಶರ್ಟು, ಕೆಳಗೆ ಮಾಸಿದ ಟ್ರ್ಯಾಕ್ ಪ್ಯಾಂಟು. ಅವಳನ್ನು ಕಂಡು ಒಂದು ಕ್ಷಣ ನಿಂತು, "ಬೈಠೋ, ಬೈಠೋ" ಎಂದು ಊಟದ ಮೇಜಿನ ಹತ್ತಿರ ಹೋಗಿ ಲ್ಯಾಪ್‌ಟಾಪ್ ತೆರೆದರು. ರಾಜ್ಯೋತ್ಸವದ ಕಾರ್ಯಕ್ರಮದ ಬಗ್ಗೆ ಚರ್ಚೆ ಇತ್ತು, ಅವರು ಖಜಾಂಚಿ.

ಪ್ಲಗ್ಗನ್ನು ಆಂಟಿ ಆಗಲೇ ಹಾಕಿಟ್ಟಿದ್ದರು. ನನಗೆ ಅಳುಕಿತ್ತು, ಎರಡರಲ್ಲಿ ಯಾವುದು ಮೊದಲು ಉತ್ತರಿಸುತ್ತದೆ ಎಂದು ಯಾರಿಗೆ ಗೊತ್ತು? ಸರಿಯಾದದ್ದೇ ಉತ್ತರಿಸಿದರೆ ನಮ್ಮ ಏರ್ಪಾಟೆಲ್ಲ ಉಪ್ಪಿಟ್ಟಿನಲ್ಲಿ ಮುಗಿಯುತ್ತಿತ್ತು. ಸರ್ ಪರದೆಯನ್ನು ನೋಡುತ್ತ ಕೂತರು. ಗುಂಡಿ ಒತ್ತಿದರು, ಮತ್ತೆ ಒತ್ತಿದರು.

"ಹೋಯ್ತು ನೋಡು ಮತ್ತೆ" ಎಂದರು. ತಿರುಗಿ ಅವಳ ಕಡೆ ನೋಡಿ, "ಆದ್ಮಿ ಕಿಧರ್ ಹೈ?" ಎಂದರು.

"ಅಂಗಡಿಯಲ್ಲಿ ಇದ್ದಾರೆ ಸರ್."

"ಔರ್ ತುಮ್ಹಾರಾ ಫೋನ್?"

"ಆಫ್ ಮಾಡಿ ಮನೆಯಲ್ಲಿ ಇಟ್ಟು ಬಂದಿದ್ದೇನೆ. ಆಂಟಿ ಹೇಳಿದ್ರು." ಅವಳ ಕೈಯಲ್ಲಿ ಔಟ್‌ಹೌಸಿನ ಬೀಗದ ಕೈ ಇತ್ತು. ಪ್ರಶ್ನೆ ಯಾಕೆಂದು ತಿಳಿಯದೆ ಅದನ್ನೇ ಎತ್ತಿ ತೋರಿಸಿದಳು.

ಆಂಟಿ ಒಳಗೆ ಹೋಗಿ ಬಂದರು. ಕೈಯಲ್ಲಿ ಬೆಂಗಳೂರಿನ ರೂಟರು, ಅದರ ವೈರು ನೆಲದ ಮೇಲೆ ಎಳೆದುಕೊಂಡು ಬರುತ್ತಿತ್ತು. "ಈಗ ವೈಫೈ ಆರಿಸಿ ಹಾಕಿ ನೋಡಿ" ಎಂದರು. ಸರ್ ಹಾಕಿದರು. ಪರದೆ ತುಂಬ ಸಮಿತಿಯವರ ಮುಖಗಳು ಬಂದವು. ಎಲ್ಲರೂ ಒಟ್ಟಿಗೆ ನಮಸ್ಕಾರ ಎಂದರು.

"ಇನ್ನೊಂದ್ಸಲ ಚುಚ್ಚಿ ತೋರಿಸ್ಲಾ?" ಎಂದು ಆಂಟಿ ಕೇಳಿದರು.

ಸರ್ ನನ್ನ ಕಡೆ ನೋಡಿದರು. ನಾನು ಎರಡು ವಿಳಾಸದ ಸಂಗತಿ ಹೇಳಿದೆ, ಸೊನ್ನೆ ಎಂಟು ಸೊನ್ನೆಯ ಪುಟವನ್ನೂ ಹೇಳಿದೆ. ಲೆಕ್ಕದ ಮನುಷ್ಯ, ಎರಡನೇ ಸಲ ಹೇಳಬೇಕಾಗಲಿಲ್ಲ. "ಸರ್, ಮ್ಯೂಟಲ್ಲಿದ್ದೀರಿ" ಎಂದು ಸಮಿತಿಯವರು ಹೇಳುತ್ತಲೇ ಇದ್ದರು. ಸರ್ ಲ್ಯಾಪ್‌ಟಾಪ್ ಮುಚ್ಚಿದರು. ಅವರ ಬಗ್ಗೆ ಒಂದು ಒಳ್ಳೆಯ ಮಾತು ಹೇಳುವುದಾದರೆ ಇದು: ಹೆಂಡತಿಯ ಮೇಲಾಗಲಿ ನನ್ನ ಮೇಲಾಗಲಿ ರೇಗಲಿಲ್ಲ. ಅವಳ ಎದುರಿನ ಕುರ್ಚಿಗೆ ಬಂದು ಕೂತು ಮೊದಲ ಸಲ ಕನ್ನಡದಲ್ಲಿ ಮಾತಾಡಿದರು.

"ನೀವು ಹೋಗ್ಬೇಡಿ. ಇಲ್ಲೇ ಇರಿ. ಇಂಟರ್ನೆಟ್ ನೀವೇ ಹಾಳು ಮಾಡ್ತಿದ್ದೀರಿ ಅಂತ ನಾನು ತಪ್ಪು ತಿಳ್ಕೊಂಡಿದ್ದೆ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ನೆಂಟರು ಬರ್ತಾರೆ ಅಂತ ಹೇಳಿದ್ರಲ್ಲ ಸರ್?"

"ಇಲ್ಲ. ಯಾರೂ ಬರಲ್ಲ."

ಅವಳು ತಟ್ಟೆಯನ್ನು ಟೀಪಾಯಿಯ ಮೇಲಿಟ್ಟಳು. "ಒಂದು ಸಲ ಕೇಳಿದ್ದರೆ ಸಾಕಿತ್ತು" ಎಂದಳು. ದನಿ ಏರಿಸಲಿಲ್ಲ. ಹಾಗೆ ಹೇಳುವಾಗ ಅವಳು ಸರ್ ಕಡೆ ನೋಡುತ್ತಿರಲಿಲ್ಲ, ನನ್ನ ಕಡೆ ನೋಡುತ್ತಿದ್ದಳು. ನೆಂಟರು ಎಷ್ಟು ದಿನ ಇರುತ್ತಾರೆಂದು ಅವಳು ಕೇಳಿದ್ದು ನನ್ನನ್ನು. ನನಗೆ ನಾಚಿಕೆಯಾಯಿತು.

ಅವರು ಹೋಗಲಿಲ್ಲ. ಟಿಕೆಟ್ ರದ್ದಾಯಿತು, ಸೂಟ್‌ಕೇಸು ಒಳಗೆ ಹೋಯಿತು. ಬಿನ್ ಮಹಮೂದಿನಲ್ಲಿ ಅವರಿಗೆ ಸರಿಹೊಂದುವ ಮನೆ ಸಿಗುವವರೆಗೆ, ಒಂದು ವರ್ಷದ ಮೇಲೆ, ಔಟ್‌ಹೌಸಿನಲ್ಲೇ ಇದ್ದರು. ಸಂಜೆ ಅಪ್ಪನ ಹೆಗಲ ಮೇಲೆ ಕೂತ ಮಗು ಗೇಟಿನವರೆಗೆ ಹೋಗಿ ಬರುವುದು ನಮ್ಮ ಕಿಟಕಿಯಿಂದ ಕಾಣುತ್ತಿತ್ತು. ಅವಳು ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದಳು, ಹಬ್ಬಕ್ಕೆ ಸಿಹಿ ಕಳಿಸುತ್ತಿದ್ದಳು. ಸರ್ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ತಾವೇ ಹೋಗಿ ಕೊಟ್ಟು ಬಂದರು. ಅವಳ ಗಂಡ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಥ್ಯಾಂಕ್ಸ್ ಸರ್ ಎಂದನಂತೆ. ಹಾಗೆಯೇ ಸರ್ ರೂಟರಿನ ಉಸ್ತುವಾರಿಯನ್ನು ಇನ್ನು ನೀವೇ ನೋಡ್ಕೊಳ್ಳಿ ಎಂದು ನನಗೆ ಒಪ್ಪಿಸಿದರು. ವಿಳಾಸ ಬಾಯಿಪಾಠವಾಗಿತ್ತು, ಈಗ ಒಳಗೆ ಹೋಗಲು ಹೆಸರು, ಪಾಸ್‌ವರ್ಡೂ ಸಿಕ್ಕಿತ್ತು. ಆ ಪುಟದಲ್ಲಿ ಯಾವ ಯಾವ ಫೋನು ಸೇರಿಕೊಂಡಿದೆ ಎಂದು ಕಾಣುತ್ತದೆ. ನಾನು ಆಗಾಗ ತೆರೆದು ನೋಡುತ್ತಿದ್ದೆ. ಸರ್ ಮನೆಯವು ಇರುತ್ತಿದ್ದವು, ಮಲಯಾಳಿ ದಂಪತಿಯವು, ನಮ್ಮವು. ಔಟ್‌ಹೌಸಿನವರು ಇದ್ದಷ್ಟು ದಿನವೂ ಅವರ ಫೋನು ಒಂದು ಸಲವೂ ಅಲ್ಲಿ ಕಾಣಲಿಲ್ಲ.